ಅಳಿವಿನ ದರ ಸೊನ್ನೆ ಬರುತ್ತಿದೆ, ನಂಬಬಹುದಾ?

ಪ್ರಶ್ನೆ
ಈಗ ಬದುಕಿರುವ ಪ್ರಭೇದಗಳ ಡಿಎನ್‌ಎ ಇಟ್ಟುಕೊಂಡು ಬೀಸ್ಟ್ ಎಂಬ ತಂತ್ರಾಂಶದಲ್ಲಿ ಕವಲೊಡೆದ ಕಾಲ ಸಮೇತ ವಿಕಾಸ ವೃಕ್ಷ ಕಟ್ಟಿದ್ದೇನೆ. ಹೆಚ್ಚಿನ ಕವಲುಗಳಿಗೆ ಪೋಸ್ಟೀರಿಯರ್ (ಆ ಕವಲು ಸರಿ ಅನ್ನುವ ಸಂಭವನೀಯತೆ) 0.95 ದಾಟಿದೆ. ಆದರೆ ಇದೇ ಮರಕ್ಕೆ ಬರ್ತ್-ಡೆತ್ ಮಾಡೆಲ್ (ಪ್ರಭೇದಗಳು ಹುಟ್ಟುವ, ಅಳಿಯುವ ದರಗಳನ್ನು ಅಂದಾಜಿಸುವ ಮಾದರಿ) ಹಾಕಿದರೆ ಅಳಿವಿನ ದರ ಸೊನ್ನೆಗೇ ಅಂಟಿಕೊಳ್ಳುತ್ತದೆ. ಈ ಗುಂಪಿನಲ್ಲಿ ಅಳಿವು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಅಂತ ಪೇಪರಿನಲ್ಲಿ ಬರೆಯಬಹುದಾ?

ಉತ್ತರ 1
ದಯವಿಟ್ಟು ಬರೆಯಬೇಡಿ. ಕವಲುಗಳು ಗಟ್ಟಿ ಇದ್ದ ಮಾತ್ರಕ್ಕೆ ದರಗಳೂ ಗಟ್ಟಿ ಅಂತ ಅಲ್ಲ. ಬದುಕಿರುವವುಗಳ ಮರದಲ್ಲಿ ಅಳಿವಿನ ಸುಳಿವು ಸಿಗುವುದು ಮುಖ್ಯವಾಗಿ ಒಂದೇ ಕಡೆ: ಇತ್ತೀಚೆಗೆ ಹುಟ್ಟಿದ ಕವಲುಗಳಿಗೆ ಇನ್ನೂ ಅಳಿಯುವಷ್ಟು ಕಾಲ ಸಿಕ್ಕಿರುವುದಿಲ್ಲ, ಹಾಗಾಗಿ ಕಾಲ ಕಳೆದಂತೆ ಕವಲುಗಳು ಎಷ್ಟಾದವು ಅನ್ನುವ ಗೆರೆ ಇವತ್ತಿಗೆ ಹತ್ತಿರ ಬಂದಾಗ ಮೇಲಕ್ಕೆ ಬಾಗುತ್ತದೆ. ನೀ, ಮೇ, ಹಾರ್ವಿ ಎಂಬ ವಿಜ್ಞಾನಿಗಳು 1994ರಲ್ಲೇ ಇದನ್ನು ತೋರಿಸಿದ್ದಾರೆ. ನಿಮ್ಮ ಮರದಲ್ಲಿ ಎಳೆಯ ಪ್ರಭೇದಗಳೇ ಜಾಸ್ತಿ ಬಿಟ್ಟುಹೋಗಿದ್ದರೆ, ಅಥವಾ ಹುಟ್ಟುವ ದರ ಕಾಲಕ್ರಮೇಣ ಇಳಿದಿದ್ದರೆ, ಆ ಬಾಗು ಅಳಿಸಿಹೋಗುತ್ತದೆ, ಮಾಡೆಲ್ ಸುಮ್ನೆ ಸೊನ್ನೆ ಹೇಳುತ್ತದೆ. ತಿಮಿಂಗಿಲಗಳನ್ನೇ ನೋಡಿ. ಈಗ ಸುಮಾರು 90 ಪ್ರಭೇದ ಇವೆ, ಅವುಗಳ ಡಿಎನ್‌ಎ ಮರ ಮಾತ್ರ ನೋಡಿದರೆ ಸಂಖ್ಯೆ ಏರುತ್ತಲೇ ಬಂದಂತೆ ಕಾಣುತ್ತದೆ, ಆದರೆ ಮಯೋಸೀನ್ ಕಾಲದಲ್ಲಿ (ಸುಮಾರು 23ರಿಂದ 5 ದಶಲಕ್ಷ ವರ್ಷಗಳ ಹಿಂದೆ) ಈಗಿನದಕ್ಕಿಂತ ಎಷ್ಟೋ ಜಾಸ್ತಿ ಬಗೆಗಳಿದ್ದವು ಅನ್ನುವುದಕ್ಕೆ ಪಳೆಯುಳಿಕೆಗಳೇ ಸಾಕ್ಷಿ. ಮೊದಲು ಸ್ಯಾಂಪ್ಲಿಂಗ್ ಫ್ರಾಕ್ಷನ್ (ಗುಂಪಿನ ಒಟ್ಟು ಪ್ರಭೇದಗಳಲ್ಲಿ ಎಷ್ಟು ಪಾಲು ಮರದಲ್ಲಿವೆ ಅನ್ನುವುದು) ಸರಿಯಾಗಿ ಕೊಟ್ಟು ಇನ್ನೊಮ್ಮೆ ಓಡಿಸಿ.

ಉತ್ತರ 2
ಸ್ಯಾಂಪ್ಲಿಂಗ್ ಸರಿಮಾಡಿದರೂ ಪೂರ್ತಿ ಬಿಡುಗಡೆ ಇಲ್ಲ. ದರಗಳು ಕಾಲಕ್ಕೆ ತಕ್ಕಂತೆ ಬದಲಾಗಬಹುದು ಅಂತ ಒಪ್ಪಿಕೊಂಡರೆ, ಒಂದೇ ಮರಕ್ಕೆ ಅಷ್ಟೇ ಚೆನ್ನಾಗಿ ಹೊಂದುವ ಹುಟ್ಟು-ಅಳಿವಿನ ಕಥೆಗಳು ಲೆಕ್ಕವಿಲ್ಲದಷ್ಟು ಇರುತ್ತವೆ. ಅವೆಲ್ಲದರ ಲೈಕ್ಲಿಹುಡ್ (ಆ ದರಗಳಿಂದ ಇಂಥದೇ ಮರ ಬರುವ ಸಾಧ್ಯತೆ) ಒಂದೇ. ಲೂಕಾ ಮತ್ತು ಪೆನೆಲ್ ಎಂಬ ಸಂಶೋಧಕರು 2020ರಲ್ಲಿ ಇದನ್ನು ಸಾಬೀತು ಮಾಡಿದರು. ಮರ ಎಷ್ಟೇ ದೊಡ್ಡದಾದರೂ ಈ ತೊಡಕು ಹೋಗುವುದಿಲ್ಲ, ಅದೇ ನನಗೆ ತುಂಬಾ ಕಾಡಿದ್ದು. ಎಐಸಿ (ಮಾಡೆಲ್‌ಗಳನ್ನು ಹೋಲಿಸುವ ಅಂಕ) ನೋಡಿ ಆರಿಸಿದರೆ ಸರಳವಾದದ್ದು ಸಿಗುತ್ತದೆ, ಅದೇ ನಿಜ ಅಂತ ಹೇಳಲು ಆಗುವುದಿಲ್ಲ ಅಲ್ವಾ?

ಪ್ರಶ್ನೆ ಕೇಳಿದವರು
ಕೆಲವು ಪಳೆಯುಳಿಕೆಗಳಿವೆ, ಆದರೆ ಚೂರುಪಾರು ಹಲ್ಲು, ದವಡೆ ಅಷ್ಟೇ. ಪ್ರಯೋಜನ ಆಗುತ್ತದಾ?

ಉತ್ತರ 1
ಖಂಡಿತ ಆಗುತ್ತದೆ. ಫಾಸಿಲೈಸ್ಡ್ ಬರ್ತ್-ಡೆತ್ ಮಾಡೆಲ್ (ಪಳೆಯುಳಿಕೆಗಳನ್ನೂ ಸೇರಿಸಿಕೊಳ್ಳುವ ಬರ್ತ್-ಡೆತ್ ಮಾಡೆಲ್) ಬಳಸಿ. ಆ ಚೂರು ಯಾವ ಗುಂಪಿಗೆ ಸೇರಿದ್ದು, ವಯಸ್ಸು ಎಷ್ಟು ಅನ್ನುವುದು ಗೊತ್ತಿದ್ದರೆ ಸಾಕು, ಮರದಲ್ಲಿ ಅದರ ಜಾಗವನ್ನು ಮಾಡೆಲ್ಲೇ ಹುಡುಕುತ್ತದೆ. ಒಂದು ಮಾತ್ರ ನೆನಪಿರಲಿ: ವಯಸ್ಸನ್ನು ನಡುವಿನ ಒಂದೇ ಸಂಖ್ಯೆಗೆ ಕಟ್ಟಿಹಾಕಬೇಡಿ. ಪಳೆಯುಳಿಕೆ ಸಿಕ್ಕ ಪದರ 12ರಿಂದ 16 ದಶಲಕ್ಷ ವರ್ಷ ಹಳೆಯದಾಗಿದ್ದರೆ ಆ ಪೂರ್ತಿ ಅಂತರವನ್ನೇ ಕೊಡಿ, ಇಲ್ಲದಿದ್ದರೆ ಕವಲೊಡೆದ ಕಾಲವೂ ದಾರಿ ತಪ್ಪುತ್ತದೆ.