ಪದಚರ್ಚೆ: 'ಜನರಲ್ ಲಯಬಿಲಿಟಿ ಇನ್ಶೂರೆನ್ಸ್'ಗೆ ಕನ್ನಡ ಬೇಕು, ನಾಳೆ ಸಂಜೆಯೊಳಗೆ

ಪೀಣ್ಯದಿಂದ

ನಮ್ಮ ಪದಚರ್ಚೆಯ ಗುಂಪಿನ ಎಲ್ಲರಿಗೂ ನಮಸ್ಕಾರ. ಅವಸರದ ಪ್ರಶ್ನೆ. ಇಲ್ಲಿ ಒಬ್ಬ ವಿಮೆ ಏಜೆಂಟರು ಹೊಸ ಆಫೀಸು ತೆರೆಯುತ್ತಿದ್ದಾರೆ. ಸಣ್ಣ ವರ್ಕ್‌ಶಾಪ್‌ನವರು, ಪ್ಲಂಬರ್‌ಗಳು, ಬಣ್ಣದ ಕಾಂಟ್ರಾಕ್ಟರ್‌ಗಳು, ಇಂಟೀರಿಯರ್ ಮಾಡುವವರು ಅವರ ಗಿರಾಕಿಗಳು. ಅವರಿಗೆ ಹಂಚಲು ಕರಪತ್ರ, ಜೊತೆಗೆ ಬಾಗಿಲ ಮೇಲಿನ ಬೋರ್ಡು, ಎರಡರ ಕನ್ನಡವೂ ನನ್ನ ಪಾಲಿಗೆ ಬಂದಿದೆ. ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಲೇಬೇಕು, ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿ ನಿಮಗೆಲ್ಲ ಗೊತ್ತೇ ಇದೆ. ನಾಳೆ ಸಂಜೆ ಪ್ರೆಸ್ಸಿಗೆ ಕೊಡಬೇಕು.

ತೊಡಕು ಹೆಸರಿನಲ್ಲೇ. 'ಸಾಮಾನ್ಯ ಹೊಣೆಗಾರಿಕೆ ವಿಮೆ' ಎಂದು ಬರೆದು ಗುರುತಿನ ಕಾಂಟ್ರಾಕ್ಟರ್‌ಗಳಿಗೆ ತೋರಿಸಿದೆ. ಒಬ್ಬರು "ನನ್ನ ಗೋಡೌನಿಗೆ ಬೆಂಕಿ ಬಿದ್ದರೆ ದುಡ್ಡು ಬರುತ್ತಾ?" ಎಂದು ಕೇಳಿದರು. ಇನ್ನೊಬ್ಬರು "ನಮ್ಮ ಹುಡುಗರು ಸಾರುವೆಯಿಂದ ಬಿದ್ದರೆ?" ಎಂದರು. ಎರಡೂ ಈ ಪಾಲಿಸಿಯಲ್ಲಿ ಬರುವುದಿಲ್ಲ. ವ್ಯಾಪಾರದವರ ಜಾಗದಿಂದಲೋ ಕೆಲಸದಿಂದಲೋ ಮಾರಿದ ಸರಕಿನಿಂದಲೋ ಹೊರಗಿನವರಿಗೆ ಪೆಟ್ಟಾದರೆ, ಅವರ ಸ್ವತ್ತು ಹಾಳಾದರೆ, ಕಾನೂನಿನಂತೆ ಕೊಡಬೇಕಾದ ಪರಿಹಾರ ಇದರಲ್ಲಿ ಸಿಗುತ್ತದೆ. ವಕೀಲರ ಖರ್ಚೂ ಸೇರಿದೆ. ಇಷ್ಟನ್ನು ಓದಿದ ಕೂಡಲೇ ಹೊಳೆಯಿಸುವ ಹೆಸರು ಬೇಕು.

ಮಲ್ಲೇಶ್ವರದಿಂದ

ಹೊಣೆಗಾಪು. ಹೊಣೆ, ಕಾಪು, ಆದೇಶ ಸಂಧಿ. ಬೇರೆ ಹುಡುಕಬೇಡಿ.

'ಹೊಣೆ' ನಮ್ಮದೇ ಮಾತು. ಹಳಗನ್ನಡದಲ್ಲಿ 'ಪೊಣೆ'. ತಮಿಳಿನ 'ಪುಣೈ' ಇದರ ಒಡಹುಟ್ಟು. ಕಟ್ಟು, ಜಾಮೀನು, ಎರಡೂ ಅರ್ಥ ಅದರೊಳಗೆ ಇವೆ. ಒಬ್ಬರನ್ನು ಇನ್ನೊಬ್ಬರಿಗೆ ಕಟ್ಟಿಹಾಕುವುದೇ ಹೊಣೆ. ಇಷ್ಟು ಗಟ್ಟಿ ಮಾತು ಕೈಯಲ್ಲಿರುವಾಗ 'ವಿಮೆ' ಯಾಕೆ? ಅದು ಪಾರಸಿಯ 'ಬೀಮಾ', ಮರಾಠಿ ದಾರಿಯಲ್ಲಿ 'ವಿಮಾ' ಆಗಿ ಇಲ್ಲಿಗೆ ಬಂದದ್ದು. ಪಾರಸಿಯಲ್ಲಿ 'ಬೀಮ್' ಎಂದರೆ ಹೆದರಿಕೆ. ಹೆದರಿಕೆಯ ಹೆಸರಿಟ್ಟುಕೊಂಡು ಕಾಪಾಡುವ ಮಾತು ಹೇಳುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು 'ಸಾಮಾನ್ಯ ಹೊಣೆ' ಅರಿಸಮಾಸ, ಸಂಸ್ಕೃತದ ಮಾತಿಗೆ ಕನ್ನಡದ ಮಾತು ಬೆಸೆದದ್ದು. ಅದನ್ನು ಚರ್ಚೆಗೇ ತರಬಾರದಿತ್ತು.

ಚಾಮರಾಜಪೇಟೆಯಿಂದ

ಬಿಡಿಸಿ ಬರೆದ ವಿಶೇಷಣಕ್ಕೆ ಅರಿಸಮಾಸ ಎಲ್ಲಿಂದ ಬಂತು? ಸಮಾಸವೇ ಆಗಿಲ್ಲವಲ್ಲ.

'ವಿಮೆ'ಯನ್ನು ಬಿಡುವುದು ಆಗದ ಮಾತು. ಮೈಸೂರು ಸಂಸ್ಥಾನ ತನ್ನ ನೌಕರರಿಗೆ ಜೀವ ವಿಮೆ ಶುರು ಮಾಡಿದ್ದು 1891ರಲ್ಲಿ. ಆ ಇಲಾಖೆ ಇವತ್ತಿಗೂ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ. ಮನೆಮನೆಯಲ್ಲಿ ಇರುವ ಮಾತನ್ನು ಕಿತ್ತು 'ಕಾಪು' ಹಾಕಿದರೆ ಪೀಣ್ಯದ ಪ್ಲಂಬರ್ ಅದನ್ನು ಸೆಕ್ಯೂರಿಟಿ ಏಜೆನ್ಸಿ ಎಂದುಕೊಳ್ಳುತ್ತಾನೆ. ಕೇಳಿದವರಿಗೆ ನಾಳೆ ಸಂಜೆಗೆ ಬೇಕು. ಅವರ ಕಷ್ಟ ನೋಡಿ.

ವಿಜಯನಗರದಿಂದ

ನಾನು ವಿಮೆ ಕಂಪನಿಯೊಂದರಲ್ಲಿ ಕ್ಲೇಮ್ ನೋಡುತ್ತಿದ್ದವನು, ಈಗ ನಿವೃತ್ತ. ಪದ ಕಟ್ಟುವ ಮೊದಲು ಪಾಲಿಸಿಯನ್ನು ಬಿಡಿಸಿ ನೋಡೋಣ ಅಂತ ಕೇಳಿಕೊಳ್ಳುತ್ತೇನೆ.

ತೊಡಕು 'ಹೊಣೆಗಾರಿಕೆ'ಯಲ್ಲಿ ಇಲ್ಲ, 'ಸಾಮಾನ್ಯ'ದಲ್ಲಿ ಇದೆ. ಕನ್ನಡದಲ್ಲಿ 'ಸಾಮಾನ್ಯ ವಿಮೆ' ಎಂದರೆ ಜೀವ ವಿಮೆ ಬಿಟ್ಟು ಉಳಿದದ್ದೆಲ್ಲ. ಬೆಂಕಿ, ಕಳ್ಳತನ, ವಾಹನ, ಸಾಗಣೆ. 1972ರ ಸಾಮಾನ್ಯ ವಿಮಾ ರಾಷ್ಟ್ರೀಕರಣ ಕಾಯ್ದೆಯ ಹೆಸರಿನಲ್ಲಿರುವುದೂ ಇದೇ ಅರ್ಥ. ಹಾಗಾಗಿ ನಿಮ್ಮ ಕಾಂಟ್ರಾಕ್ಟರ್ ಬೆಂಕಿಯ ಬಗ್ಗೆ ಕೇಳಿದ್ದು ಸರಿಯಾಗೇ ಇದೆ. ಈ ಪಾಲಿಸಿಯಲ್ಲಿ 'ಜನರಲ್' ಸೇರುವುದು ಹೊಣೆಗೆ. ಜಾಗದ ಹೊಣೆ, ಕೆಲಸದ ಹೊಣೆ, ಸರಕಿನ ಹೊಣೆ, ಜಾಹೀರಾತಿನಲ್ಲಿ ಯಾರಿಗಾದರೂ ಮಾನನಷ್ಟ ಆದರೆ ಅದರ ಹೊಣೆ, ಎಲ್ಲ ಒಂದೇ ಪಾಲಿಸಿಯಲ್ಲಿ ಅನ್ನುವುದಕ್ಕೆ ಆ ಮಾತು. 'ಸಾಮಾನ್ಯ'ವನ್ನು ತೆಗೆದುಹಾಕಿ. 'ವ್ಯಾಪಾರದ' ಎಂದು ಹಾಕಿ.

'ಸಾರ್ವಜನಿಕ ಹೊಣೆಗಾರಿಕೆ' ಎಂದೂ ಬರೆಯಬೇಡಿ. ಆ ಹೆಸರಿನಲ್ಲಿ 1991ರ ಕಾಯ್ದೆ ಒಂದಿದೆ. 1984ರ ಭೋಪಾಲ ದುರಂತದ ನಂತರ ಬಂದದ್ದು. ಅಪಾಯಕಾರಿ ರಾಸಾಯನಿಕ ಇಟ್ಟುಕೊಳ್ಳುವವರಿಗೆ ಅದು ಕಡ್ಡಾಯ, ತಪ್ಪು ಯಾರದು ಎಂದು ಸಾಬೀತು ಮಾಡದೆಯೂ ಅದರಲ್ಲಿ ಪರಿಹಾರ ಸಿಗುತ್ತದೆ. ಪೀಣ್ಯದಲ್ಲಿ ರಾಸಾಯನಿಕ ಬಳಸಿ ಲೋಹಕ್ಕೆ ಪ್ಲೇಟಿಂಗ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಅವರು ಇದನ್ನು ಅದೇ ಎಂದುಕೊಂಡರೆ ತೊಂದರೆ.

ಈಗ ಒಂದು ಕ್ಲೇಮ್ ಹೇಗೆ ಬರುತ್ತದೆ ನೋಡಿ. ಪ್ಲಂಬರ್ ಮೂರನೇ ಮಹಡಿಯಲ್ಲಿ ಪೈಪ್ ಜೋಡಿಸಿ ಹೋದರು. ಜಾಯಿಂಟ್ ಬಿಟ್ಟುಕೊಂಡಿತು. ಕೆಳಗಿನ ಮನೆಯ ಫಾಲ್ಸ್ ಸೀಲಿಂಗ್ ಕುಸಿದು ಟಿವಿ ಹಾಳಾಯಿತು. ಆ ಸೀಲಿಂಗ್, ಆ ಟಿವಿ, ಅದಕ್ಕಾಗಿ ಬಂದ ನೋಟಿಸಿಗೆ ವಕೀಲರ ಖರ್ಚು, ಇವು ಪಾಲಿಸಿಯಲ್ಲಿ ಬರುತ್ತವೆ. ಜಾಯಿಂಟನ್ನು ಮತ್ತೆ ಸರಿಯಾಗಿ ಮಾಡುವ ಖರ್ಚು ಬರುವುದಿಲ್ಲ. ಅದು ಪ್ಲಂಬರ್ ಕೈಯಿಂದಲೇ. ಜನ ಜಾಸ್ತಿ ಜಗಳವಾಡುವುದು ಇಲ್ಲೇ. "ನನ್ನ ಕೆಲಸ ಕೆಟ್ಟಿದೆ, ವಿಮೆ ಇದೆಯಲ್ಲ" ಎನ್ನುತ್ತಾರೆ. ಕೆಟ್ಟ ಕೆಲಸಕ್ಕೆ ಈ ವಿಮೆ ಇಲ್ಲ, ಕೆಟ್ಟ ಕೆಲಸ ಬೇರೆಯವರಿಗೆ ಮಾಡಿದ ಹಾನಿಗೆ ಇದೆ. ಕರಪತ್ರದಲ್ಲಿ ಈ ಮಾತು ದಪ್ಪ ಅಕ್ಷರದಲ್ಲಿ ಇರಲಿ.

ಸಾರುವೆಯಿಂದ ಬಿದ್ದ ಹುಡುಗನಿಗೆ ಕೆಲಸಗಾರರ ಪರಿಹಾರದ ಪಾಲಿಸಿ ಬೇರೆಯೇ ಬೇಕು. ಅದರ ಬೇರು 1923ರ ಕಾಯ್ದೆಯಲ್ಲಿದೆ. ಕಟ್ಟುತ್ತಿರುವ ಕಟ್ಟಡಕ್ಕೇ ಹಾನಿಯಾದರೆ 'ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್' ಎಂಬ ಪಾಲಿಸಿ. ಅದರ ಎರಡನೇ ಭಾಗದಲ್ಲಿ ಪಕ್ಕದವರ ನಷ್ಟವೂ ಸೇರುತ್ತದೆ, ಆದರೆ ಆ ಒಂದು ಸೈಟಿಗೆ ಮಾತ್ರ. ನಕ್ಷೆಯಲ್ಲೇ ತಪ್ಪಾದರೆ 'ಪ್ರೊಫೆಷನಲ್ ಇಂಡೆಮ್ನಿಟಿ', ಅಂದರೆ ವೃತ್ತಿಯ ತಪ್ಪಿಗೆ ಇರುವ ಪಾಲಿಸಿ.

ಮಲ್ಲೇಶ್ವರದಿಂದ

ವಿಜಯನಗರದವರ ವಿವರ ಚೆನ್ನಾಗಿದೆ. ಪದಕ್ಕೂ ಅದಕ್ಕೂ ಸಂಬಂಧವಿಲ್ಲ. ವಸ್ತುವಿನ ಎಲ್ಲ ಶರತ್ತನ್ನೂ ಹೆಸರು ಹೊರಬೇಕಿಲ್ಲ. 'ಹೊಣೆಗಾರಿಕೆ'ಯ 'ಗಾರ' ಸಂಸ್ಕೃತದ 'ಕಾರ'ದಿಂದ ಬಂದದ್ದು. 'ಹೊಣೆ' ಸಾಲದೇ?

ಚಾಮರಾಜಪೇಟೆಯಿಂದ

ಬಳೆಗಾರ, ಕಂಚುಗಾರ ಎಂದ ನಾಡು ಇದು. 'ಗಾರ' ಎಲ್ಲಿಂದಲೇ ಬಂದಿರಲಿ, ಈಗ ಕನ್ನಡದ ಪ್ರತ್ಯಯ. ಅದರ ಮೇಲೆ 'ಇಕೆ' ಹತ್ತಿಸಿದವರೂ ನಾವೇ. ಜಾಮೀನು, ವಕೀಲ, ಅರ್ಜಿ, ಕಾನೂನು, ಇವೆಲ್ಲ ಅರಬ್ಬಿಯಿಂದ ಪಾರಸಿ ದಾಟಿ ಬಂದವು. ಇವನ್ನೆಲ್ಲ ಹೊರಗೆ ಹಾಕಿ ನಮ್ಮ ಜನ ಕೋರ್ಟಿನಲ್ಲಿ ನ್ಯಾಯ ಕೇಳುವುದು ಹೇಗೆ? ಬಂದ ಮಾತನ್ನು ಒಗ್ಗಿಸಿಕೊಳ್ಳುವುದೂ ನುಡಿಯ ಶಕ್ತಿಯೇ. ಮೊನ್ನೆ 'ಪ್ರೀಮಿಯಂ'ಗೆ ನೀವು ಕೊಟ್ಟ ಪದ ನೆನಪಿದೆಯಾ? ಈ ಗುಂಪಿನ ಹೊರಗೆ ಒಬ್ಬರೂ ಬಳಸಲಿಲ್ಲ.

ಮಲ್ಲೇಶ್ವರದಿಂದ

ಬಳಸಲಿಲ್ಲ, ಯಾಕೆಂದರೆ ಕೇಳುವ ಮೊದಲೇ ನಿಮ್ಮಂಥವರು ಬೇಡ ಎಂದಿರಿ. ಪ್ರತಿ ಹೊಸ ವಸ್ತುವಿಗೂ ಬಂದ ಮಾತೇ ಸಾಕು ಎಂದು ಕೂತರೆ ಕನ್ನಡಕ್ಕೆ ಪದ ಕಟ್ಟುವ ರೂಢಿಯೇ ತಪ್ಪಿಹೋಗುತ್ತದೆ. ನನ್ನ ಆತಂಕ ಅದು. ಪಾರಸಿಯ ಮೇಲೆ ನನಗೆ ದ್ವೇಷ ಇಲ್ಲ.

ಕೆಂಗೇರಿಯಿಂದ

ಜಗಳದ ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮ ತಂದೆ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್. ಅವರ ಲೆಕ್ಕಪತ್ರ ನೋಡುವುದು ನಾನು. ಐಟಿ ಪಾರ್ಕುಗಳಲ್ಲಿ ಕೆಲಸ ಹಿಡಿಯಬೇಕಾದರೆ ಈ ಪಾಲಿಸಿಯ ಸರ್ಟಿಫಿಕೇಟ್ ಕೇಳುತ್ತಾರೆ. ಎಷ್ಟೋ ಜನ ಅದಕ್ಕೋಸ್ಕರ ಸುಮ್ನೆ ಒಂದು ಪಾಲಿಸಿ ತೆಗೆದುಕೊಂಡು ಫೈಲಿನಲ್ಲಿ ಇಡುತ್ತಾರೆ, ಓದುವುದಿಲ್ಲ.

ಸೈಟಿನಲ್ಲಿ ಇದಕ್ಕೆ 'ಥರ್ಡ್ ಪಾರ್ಟಿ' ಅಂತಲೇ ಹೇಳುವುದು. ಆದರೆ ಅದನ್ನೇ ಬೋರ್ಡಿಗೆ ಹಾಕಿದರೆ ಎಲ್ಲರೂ ಬೈಕಿನ ಇನ್ಶೂರೆನ್ಸ್ ಮಾಡಿಸಲು ಬರುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯಿಂದಾಗಿ ಆ ಮಾತು ಗಾಡಿಗೇ ಅಂಟಿಕೊಂಡಿದೆ. ಗಾಡಿಯಿಂದಾದ ಅಪಘಾತ ಈ ಪಾಲಿಸಿಯಲ್ಲಿ ಬರುವುದೂ ಇಲ್ಲ, ಅಲ್ವಾ ಸರ್?

ನಾವು ಮಾತಾಡುವಾಗ 'ಪರಿಹಾರ ಸಂದಾಯ' ಅನ್ನುವುದಿಲ್ಲ. "ಗಾಜು ಒಡೆದಿದೆ, ನೀವೇ ಕಟ್ಟಿಕೊಡಬೇಕು" ಅನ್ನುತ್ತಾರೆ. ನಷ್ಟ ಕಟ್ಟಿಕೊಡುವುದು. ಮೇಸ್ತ್ರಿಗೂ ಗೊತ್ತು, ಓನರ್‌ಗೂ ಗೊತ್ತು. ಹೆಸರಿನ ಕೆಳಗಿನ ಸಾಲಿನಲ್ಲಿ ಅದನ್ನು ಬಳಸಿ.

ವಿಜಯನಗರದಿಂದ

ಗಾಡಿಯದು ಬರುವುದಿಲ್ಲ, ಸರಿಯಾಗಿ ಹೇಳಿದಿರಮ್ಮ. 'ಕಟ್ಟಿಕೊಡು' ನಾನು ಇಷ್ಟು ಹೊತ್ತು ಹುಡುಕುತ್ತಿದ್ದ ಮಾತು. 'ಪರಿಹಾರ' ಎಂದರೆ ಸರ್ಕಾರ ಕೊಡುವ ದುಡ್ಡು ಎಂದು ಜನ ತಿಳಿಯುತ್ತಾರೆ. 'ಕಟ್ಟಿಕೊಡು' ಎಂದರೆ ಯಾರ ಕೈಯಿಂದ ಯಾರ ಕೈಗೆ ಎಂಬುದು ಸ್ಪಷ್ಟ.

ಪೀಣ್ಯದವರೇ, ಇನ್ನೆರಡು ವಿಷಯ ಕರಪತ್ರದಲ್ಲಿ ಬಿಡಬೇಡಿ. ಮಿತಿ ಎರಡು ಇರುತ್ತದೆ. ಒಂದು ಘಟನೆಗೆ ಎಷ್ಟು, ವರ್ಷಕ್ಕೆ ಒಟ್ಟು ಎಷ್ಟು. ಘಟನೆಗೆ 10 ಲಕ್ಷ, ವರ್ಷಕ್ಕೆ 20 ಲಕ್ಷ ಎಂದಿದ್ದರೆ ಒಂದೇ ಅವಘಡಕ್ಕೆ 20 ಲಕ್ಷ ಸಿಗುವುದಿಲ್ಲ. ಎರಡನೆಯದು ಕಾಲ. ಕೆಲವು ಪಾಲಿಸಿ ಅವಘಡ ನಡೆದ ದಿನವನ್ನು ನೋಡುತ್ತವೆ. ಕೆಲವು ಕ್ಲೇಮ್ ಬಂದ ದಿನವನ್ನು ನೋಡುತ್ತವೆ. ಎರಡನೇ ಬಗೆಯದನ್ನು ನವೀಕರಿಸದೆ ಬಿಟ್ಟರೆ, ಹೋದ ವರ್ಷ ನಡೆದದ್ದಕ್ಕೆ ಈ ವರ್ಷ ನೋಟಿಸ್ ಬಂದಾಗ ಕೈ ಖಾಲಿ.

ಮಲ್ಲೇಶ್ವರದಿಂದ

'ಕಟ್ಟು' ಎಂಬ ಅರ್ಥ 'ಪೊಣೆ'ಯಲ್ಲೇ ಇದೆ ಎಂದು ಮೊದಲೇ ಬರೆದಿದ್ದೆ. ಕೆಂಗೇರಿಯವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. 'ವಿಮೆ'ಗೆ ಇಲ್ಲ.

ಪೀಣ್ಯದಿಂದ

ಎಲ್ಲರಿಗೂ ವಂದನೆ. ಏಜೆಂಟರಿಗೆ ಓದಿ ಹೇಳಿದೆ, ಒಪ್ಪಿದರು. ಬೋರ್ಡಿಗೆ 'ವ್ಯಾಪಾರದ ಹೊಣೆಗಾರಿಕೆ ವಿಮೆ'. ಕರಪತ್ರದಲ್ಲಿ ಅದರ ಕೆಳಗೆ: 'ನಿಮ್ಮ ಕೆಲಸದಿಂದ ಬೇರೆಯವರಿಗೆ ಪೆಟ್ಟಾಗಿ, ನಷ್ಟವಾಗಿ ನೀವು ಕಟ್ಟಿಕೊಡಬೇಕಾಗಿ ಬಂದರೆ, ಪಾಲಿಸಿಯ ಮಿತಿಯೊಳಗೆ ಕಂಪನಿ ಕಟ್ಟಿಕೊಡುತ್ತದೆ. ನಿಮ್ಮ ಸ್ವಂತ ನಷ್ಟಕ್ಕೆ, ನಿಮ್ಮ ಕೆಲಸಗಾರರಿಗೆ ಆದ ಪೆಟ್ಟಿಗೆ, ಕೆಟ್ಟ ಕೆಲಸವನ್ನು ಮತ್ತೆ ಮಾಡುವ ಖರ್ಚಿಗೆ ಇದು ಅಲ್ಲ.'

ಒಂದು ಉಳಿಯಿತು. 'ಎಕ್ಸೆಸ್'ಗೆ, ಅಂದರೆ ಕ್ಲೇಮಿನಲ್ಲಿ ಗಿರಾಕಿಯೇ ಹೊರಬೇಕಾದ ಮೊದಲ ಪಾಲಿಗೆ, ಏನು ಬರೆಯಲಿ? 'ಹೆಚ್ಚುವರಿ' ಎಂದರೆ ಜಾಸ್ತಿ ದುಡ್ಡು ಸಿಗುತ್ತದೆ ಎಂದುಕೊಳ್ಳುತ್ತಾರೆ.

ಮಲ್ಲೇಶ್ವರದಿಂದ

ಕೈಪಾಲು.

ವಿಜಯನಗರದಿಂದ

'ಕೈಪಾಲು' ಚೆನ್ನಾಗಿದೆ, ಹಾಕಿ. ಪಕ್ಕದಲ್ಲೇ 'ಪ್ರತಿ ಕ್ಲೇಮಿನಲ್ಲೂ ಮೊದಲು ಇಷ್ಟು ರೂಪಾಯಿ ನಿಮ್ಮದೇ' ಎಂದು ಬಿಡಿಸಿ ಬರೆಯಿರಿ. ಮೊತ್ತದ ಜಾಗ ಖಾಲಿ ಬಿಡಿ. ಅದು ಪಾಲಿಸಿಯಿಂದ ಪಾಲಿಸಿಗೆ ಬೇರೆ ಇರುತ್ತದೆ, ಏಜೆಂಟರು ಷೆಡ್ಯೂಲ್, ಅಂದರೆ ಪಾಲಿಸಿಯ ವಿವರಗಳ ಹಾಳೆ, ನೋಡಿ ಕೈಯಲ್ಲಿ ತುಂಬಲಿ.