ಹತ್ತು ಲಕ್ಷದ ದತ್ತಿ: ಬಂಗಾರದ ಪದಕಕ್ಕೋ, ಉಪನ್ಯಾಸಕ್ಕೋ, ಪ್ರಯೋಗಾಲಯಕ್ಕೋ?

ಪ್ರಶ್ನೆ: ಮಾಳಮಡ್ಡಿ_ಬ್ಯುರೆಟ್

ಎಲ್ಲರಿಗೂ ನಮಸ್ಕಾರ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಓದಿದ ನಮ್ಮ ಎಂ.ಎಸ್ಸಿ. ಬ್ಯಾಚಿನವರು ಗುರುಗಳೊಬ್ಬರ ಹೆಸರಿನಲ್ಲಿ ದತ್ತಿ ಇಡಬೇಕೆಂದಿದ್ದೇವೆ. 10 ಲಕ್ಷ ಕೂಡಿದೆ. ಗುಂಪಿನಲ್ಲಿ ಈಗ ಮೂರು ಬಣ. ಕೆಲವರಿಗೆ ಘಟಿಕೋತ್ಸವದಲ್ಲಿ ಬಂಗಾರದ ಪದಕ ಬೇಕು, ಕೆಲವರಿಗೆ ವರ್ಷಕ್ಕೊಂದು ದತ್ತಿ ಉಪನ್ಯಾಸ, ಉಳಿದವರು ಸಂಶೋಧನೆ ಮಾಡುವ ಹುಡುಗರಿಗೆ ಹೋಗಲಿ ಅನ್ನುತ್ತಾರೆ.

ಇಷ್ಟು ಹಣದಿಂದ ನಿಜಕ್ಕೂ ಏನು ನಡೆಯುತ್ತದೆ? ದತ್ತಿ ಪತ್ರದಲ್ಲಿ ಏನು ಬರೆಸಬೇಕು? ಹುಬ್ಬಳ್ಳಿಯಲ್ಲಿ ಕಂಪನಿ ಇರುವ ಗೆಳೆಯರೊಬ್ಬರು ತಮ್ಮ ಸಿಎಸ್‌ಆರ್ ಹಣವನ್ನೂ (ಕಾನೂನಿನಂತೆ ಕಂಪನಿ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದದ್ದು) ಇಡುಗಂಟಿಗೆ, ಅಂದರೆ ಬಡ್ಡಿಗಾಗಿ ಇಡುವ ಮೂಲ ಹಣಕ್ಕೆ, ಸೇರಿಸೋಣ ಅನ್ನುತ್ತಿದ್ದಾರೆ. ಇನ್ನೊಬ್ಬರು ಈಗ ಅಮೆರಿಕದ ಪೌರರು. ಇವರಿಬ್ಬರ ಹಣ ತೊಗೊಳ್ಳಬಹುದಾ?

ಉತ್ತರ 1: ಕೆಲಗೇರಿ_ಕೆರೆದಂಡೆ

ಪದಕದ ವಿಚಾರ ಮೊದಲು ಮುಗಿಸೋಣ. 2000ನೇ ಇಸವಿಯ ಸುಮಾರಿಗೆ 10 ಗ್ರಾಂ ಬಂಗಾರಕ್ಕೆ ನಾಲ್ಕೂವರೆ ಸಾವಿರದ ಆಸುಪಾಸು. ಬ್ಯಾಂಕ್ ಠೇವಣಿಗೆ ಶೇ. 10ರ ಹತ್ತಿರ ಬಡ್ಡಿ. ಆಗ 50,000 ಇಟ್ಟವರ ಲೆಕ್ಕ ತಪ್ಪೇನಲ್ಲ: ವರ್ಷಕ್ಕೆ 5,000 ಬಡ್ಡಿ, ಅದರಲ್ಲಿ ಹತ್ತು ಗ್ರಾಂ ಪದಕ, ಉಳಿದದ್ದು ಅಕ್ಷರ ಕೆತ್ತಿದ ಕೂಲಿಗೆ. ಅದೇ ಇಡುಗಂಟಿಗೆ ಈಗ ಶೇ. 7 ಅಂತ ಹಿಡಿದರೂ ಬರುವುದು 3,500. 2025ರಲ್ಲಿ 10 ಗ್ರಾಂ ಬಂಗಾರ ಲಕ್ಷ ದಾಟಿತು. 3,500 ರೂಪಾಯಿಗೆ ಅರ್ಧ ಗ್ರಾಂ ಕೂಡ ಬರುವುದಿಲ್ಲ. ಇಂಥ ಹಳೆಯ ದತ್ತಿಗಳಲ್ಲಿ ಪದಕ ಕೊಡಲೇಬೇಕೆಂದರೆ ಬೆಳ್ಳಿಗೆ ಬಂಗಾರದ ನೀರು ಕೊಡಿಸುವುದೇ ಗತಿ. ನಿಮ್ಮ 10 ಲಕ್ಷದ ಇಡೀ ವರ್ಷದ ಬಡ್ಡಿ 70,000. ಇಂದಿನ ದರಕ್ಕೆ ಅದೂ ಏಳು ಗ್ರಾಂ ಮುಟ್ಟದು.

ಪದಕ ಬಿಟ್ಟರೂ ಬೆಲೆಯೇರಿಕೆ ಬಿಡುವುದಿಲ್ಲ. ಬೆಲೆಗಳು ವರ್ಷಕ್ಕೆ ಶೇ. 5 ಏರುತ್ತವೆ ಅಂತ ಹಿಡಿಯಿರಿ. ಬಂದ ಬಡ್ಡಿಯನ್ನೆಲ್ಲ ಖರ್ಚು ಮಾಡುತ್ತ ಹೋದರೆ ಇಪ್ಪತ್ತು ವರ್ಷದ ಮೇಲೆ ಆ 70,000ದ ಕೊಳ್ಳುವ ಶಕ್ತಿ ಇಂದಿನ 26,000ಕ್ಕೆ ಇಳಿದಿರುತ್ತದೆ. ಇಡುಗಂಟು 10 ಲಕ್ಷವೆಂದು ಪಾಸ್‌ಬುಕ್ಕಿನಲ್ಲಿ ಕಾಣುತ್ತಲೇ ಇರುತ್ತದೆ, ಒಳಗೆ ಮೂರೂ ಮುಕ್ಕಾಲು ಲಕ್ಷದ ತಿರುಳು. ಅದನ್ನು ಪೂರ್ತಿ ತಡೆಯಬೇಕಾದರೆ ವರ್ಷಕ್ಕೆ ಶೇ. 2, ಅಂದರೆ 20,000ದಷ್ಟೇ ಮುಟ್ಟಬೇಕು. ಅಷ್ಟು ಕಡಿಮೆ ಹಣಕ್ಕೆ ಯಾರೂ ಕೆಲಸ ಹಮ್ಮಿಕೊಳ್ಳುವುದಿಲ್ಲ. ಹಾಗಾಗಿ ನಡುವಿನ ದಾರಿ: ಬಡ್ಡಿಯ ಶೇ. 60 ಖರ್ಚಿಗೆ, ಶೇ. 40 ಮತ್ತೆ ಇಡುಗಂಟಿಗೆ. ಮೊದಲ ವರ್ಷ ಖರ್ಚಿಗೆ 42,000. ಇಪ್ಪತ್ತು ವರ್ಷದ ಮೇಲೆ ಇಡುಗಂಟು 17 ಲಕ್ಷ ದಾಟಿ, ಖರ್ಚಿಗೆ ವರ್ಷಕ್ಕೆ ಸುಮಾರು 73,000 ಸಿಗುತ್ತದೆ. ಆ ಹೊತ್ತಿಗೆ ಎರಡೂ ದಾರಿಯ ಖರ್ಚಿನ ಹಣ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಏನೆಂದರೆ ಒಂದರಲ್ಲಿ ಅದು ನಿಂತ ನೀರು, ಇನ್ನೊಂದರಲ್ಲಿ ಬೆಳೆಯುತ್ತಿರುತ್ತದೆ.

ಸಂಶೋಧನಾ ವೇತನ ಕೊಡೋಣ ಅನ್ನುವವರಿಗೆ ಒಂದು ಅಳತೆ: ಯುಜಿಸಿಯ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) 2023ರ ಜನವರಿಯಿಂದ ತಿಂಗಳಿಗೆ 37,000. ಮನೆಬಾಡಿಗೆ ಭತ್ಯೆ ಬಿಟ್ಟೇ ವರ್ಷಕ್ಕೆ 4.44 ಲಕ್ಷ. ಒಬ್ಬನೇ ವಿದ್ಯಾರ್ಥಿಯನ್ನು ಬರೀ ಬಡ್ಡಿಯ ಮೇಲೆ ಸಾಕಲು ಶೇ. 7ರಲ್ಲಿ 63 ಲಕ್ಷ ಬೇಕು. ಪ್ರಾಧ್ಯಾಪಕರ ಹುದ್ದೆಯನ್ನೇ ದತ್ತಿಯಿಂದ ನಡೆಸುವ ಪೀಠದ ಮಾತಂತೂ ಬೇಡ. ಪ್ರಾಧ್ಯಾಪಕರ ಆರಂಭದ ಮೂಲವೇತನ 1,44,200. ತುಟ್ಟಿಭತ್ಯೆ ಸೇರಿಸದೆಯೇ ಅದಕ್ಕೆ ಎರಡೂವರೆ ಕೋಟಿಯಷ್ಟು ಇಡುಗಂಟು ಬೇಕು. ಹತ್ತು ಲಕ್ಷದಲ್ಲಿ "ಪೀಠ" ಅಂತ ಫಲಕ ತೂಗುಹಾಕಬಹುದು, ಕುರ್ಚಿಯಲ್ಲಿ ಕೂರಲು ಯಾರೂ ಬರುವುದಿಲ್ಲ.

ಉತ್ತರ 2: ಲೈನ್‌ಬಜಾರ್_ಪೇಢೆ

ಕೆಲಗೇರಿಯವ್ರ ಲೆಕ್ಕ ಬರೋಬರಿ ಐತಿ. ಒಂದ ಮಾತು ಸೇರಸ್ತೀನಿ. ಅಮೆರಿಕಾದಾಗ ಸರಕಾರಿ ವಿಶ್ವವಿದ್ಯಾಲಯಗೋಳು ದತ್ತಿಯಿಂದನ ವರ್ಷಕ್ಕ ಶೇ. 4–5 ತಗದು ಖರ್ಚ ಮಾಡ್ತಾವು, ನಮ್ಮವ್ರಿಗೆ ಯಾಕ ಆಗೂದಿಲ್ಲಂತ ಭಾಳ ಮಂದಿ ಕೇಳ್ತಾರ. ಮಿಶಿಗನ್ ವಿಶ್ವವಿದ್ಯಾಲಯ ನೋಡ್ರಿ: ಹಿಂದಿನ ಏಳು ವರ್ಷದ ಸರಾಸರಿ ಬೆಲಿಯ ಮ್ಯಾಲ ಶೇ. 4.5 ತಗೀತಾರ. ಒಂದ ವರ್ಷ ಶೇರು ಪ್ಯಾಟಿ ಬಿದ್ದರ ಆ ವರ್ಷದ ಪಾಠ, ಪ್ರಯೋಗ ನಿಲ್ಲಬಾರದಂತ ಈ ಸರಾಸರಿ. ಆದರ ಅವರ ರೊಕ್ಕ ಶೇರಿನಾಗ, ಜಮೀನಿನಾಗ, ಇನ್ನೂ ಏನೇನರದಾಗ ಇರ್ತದ. ನಮ್ಮಲ್ಲಿ ಸಾರ್ವಜನಿಕ ರೊಕ್ಕ ಅಂದ್ರ ಬ್ಯಾಂಕ್ ಠೇವಣಿ. ಠೇವಣಿಯ ಬಡ್ಡಿಯಾಗ ಬೆಲಿ ಏರಿಕಿ ಕಳದರ ಉಳಿಯೂದ ಶೇ. 2. ಅವರ ಸೂತ್ರ ತಂದು ಇಲ್ಲಿ ಹಚ್ಚಿದರ ಇಡುಗಂಟು ಸವೀತದ.

ನಮ್ಮ ಹಿರ್‍ಯಾರು ಇದನ್ನ ಬ್ಯಾರೆ ರೀತಿ ಮಾಡಿದ್ರು. ಸಿರಸಂಗಿ ದೇಸಾಯಿ ಲಿಂಗರಾಜರು 1906ರಾಗ ತೀರಿಕೊಂಡರು, ಮೃತ್ಯುಪತ್ರದಾಗ ದೇಸಗತಿ ಆಸ್ತಿನ ಮಕ್ಕಳ ಶಿಕ್ಷಣಕ್ಕ ಬರದಿಟ್ಟಿದ್ರು. ಅದು ಭೂಮಿ. ಜೋಳದ ಬೆಲಿ ಏರಿದರ ಭೂಮಿಯ ಹುಟ್ಟುವಳಿನೂ ಏರ್ತದ. ಠೇವಣಿಗೆ ಆ ಗುಣ ಇಲ್ಲ. ಅದಕ್ಕ ಶೇ. 40 ವಾಪಸ್ ಹಾಕೂ ಕಲಮು ಬಿಡಬ್ಯಾಡ್ರಿ. ಗುಂಪಿನಾಗ ಯಾರರ "ಬಡ್ಡಿ ಎಲ್ಲಾ ಹುಡುಗರಿಗೇ ಹೋಗ್ಲಿ" ಅಂತ ಧಾರಾಳ ಆದರೂ ಬಿಡಬ್ಯಾಡ್ರಿ.

ಉಪನ್ಯಾಸದ ಬಗ್ಗೆ ನನ್ನ ಅಭಿಪ್ರಾಯ ಖಡಕ್ ಐತಿ: ಧಾರವಾಡದಾಗ ದತ್ತಿ ಉಪನ್ಯಾಸಕ್ಕ ಬರ ಇಲ್ಲ. ವಿದ್ಯಾವರ್ಧಕ ಸಂಘದಾಗ ಯಾವಾಗ ಹೋದರೂ ಒಂದ ದತ್ತಿ ಕಾರ್ಯಕ್ರಮ ಇರ್ತದ, ಛಲೋನೂ ಇರ್ತಾವು. ರಸಾಯನಶಾಸ್ತ್ರಕ್ಕ ಇನ್ನೊಂದ ಹಾರ, ಶಾಲು, ಚಹಾ ಬೇಕಾಗಿಲ್ಲ.

ಉತ್ತರ 3: ಬೆಟಗೇರಿ_ಖಾತೆವಹಿ

ದತ್ತಿ ಕೆಡುವುದು ಹೆಚ್ಚಾಗಿ ಹಣ ಕಡಿಮೆಯಾಗಿ ಅಲ್ಲ, ಪತ್ರದಲ್ಲಿ ಬರೆದ ನಾಲ್ಕು ಸಾಲಿನಿಂದ.

ಅತಿ ಇಕ್ಕಟ್ಟಿನ ಷರತ್ತು ಮೊದಲ ರೋಗ. "ಹಾವೇರಿ ಜಿಲ್ಲೆಯ ಕಾಲೇಜುಗಳಲ್ಲಿ ಬಿ.ಎಸ್ಸಿ. ಮಾಡಿ ವಿಶ್ವವಿದ್ಯಾಲಯಕ್ಕೆ ಪ್ರಥಮ ಬಂದವರಿಗೆ" ಅಂತ ಹಿಂದೆ ಯಾರಾದರೂ ಬರೆಸಿದ್ದರೆ ಈಗೇನು ಮಾಡಬೇಕು? 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬೇರೆಯಾಯಿತು, 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯ ಬಂತು. ಪ್ರತಿ ಸಲ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿ ಕಿರಿದಾಯಿತು. ಪಠ್ಯಕ್ರಮವೂ ಹಾಗೆಯೇ. 2021ರಲ್ಲಿ ರಾಜ್ಯದಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂದಾಗ ನಾಲ್ಕನೇ ವರ್ಷದ ಆನರ್ಸ್‌ಗೆ ಬಹುಮಾನ ಇಟ್ಟರೆ, 2024ರಲ್ಲಿ ಮತ್ತೆ ಮೂರು ವರ್ಷದ ಪದವಿ. ಅರ್ಹರೇ ಇಲ್ಲದ ಬಹುಮಾನದ ಬಡ್ಡಿ ಖಾತೆಯಲ್ಲಿ ಕೊಳೆಯುತ್ತದೆ. ಆಮೇಲೆ ಉದ್ದೇಶ ಬದಲಿಸಲು ದಾನಿ ಬದುಕಿರಬೇಕು, ಇಲ್ಲವೇ ಕೋರ್ಟಿನ ದಾರಿ. ಆದ್ದರಿಂದ ಮೊದಲೇ ಎರಡನೇ, ಮೂರನೇ ಆದ್ಯತೆ ಬರೆಸಿ, ಮೂರೂ ಆಗದಿದ್ದರೆ ವಿಭಾಗದ ಸಮಿತಿ ಹತ್ತಿರದ ಉದ್ದೇಶಕ್ಕೆ ಬಳಸಲಿ ಅನ್ನುವ ಅಧಿಕಾರ ಕೊಡಿ. ಕೋರ್ಸು, ಪತ್ರಿಕೆ, ಜಿಲ್ಲೆ, ಇವುಗಳ ಹೆಸರನ್ನು ಷರತ್ತಿನಲ್ಲಿ ಬರೆಯಲೇಬೇಡಿ.

ಎರಡನೆಯದು ಬಡ್ಡಿ ಕಳೆದುಹೋಗುವುದು. ಕದಿಯುತ್ತಾರೆ ಅಂತಲ್ಲ. ಠೇವಣಿ ಅವಧಿ ಮುಗಿದು ಬಡ್ಡಿ ಸಾಮಾನ್ಯ ನಿಧಿಯ ಖಾತೆಗೆ ಜಮಾ ಆಗುತ್ತದೆ, ಅಲ್ಲಿ ಇನ್ನೂರು ದತ್ತಿಗಳ ಬಡ್ಡಿಯೊಳಗೆ ಕರಗುತ್ತದೆ. ಮೂರು ವರ್ಷದ ಮೇಲೆ ವಿಭಾಗ ಕೇಳಿದಾಗ ಯಾವ ದತ್ತಿಯದು ಎಷ್ಟು ಅಂತ ಬಿಡಿಸಲು ಗುಮಾಸ್ತರಿಗೂ ಆಗುವುದಿಲ್ಲ. ಹಾಗಾಗಿ ಪ್ರತ್ಯೇಕ ಲೆಡ್ಜರ್ ಖಾತೆ, ಖರ್ಚಾಗದ ಬಡ್ಡಿ ಮಾರ್ಚ್ 31ಕ್ಕೆ ರದ್ದಾಗದೆ ಮುಂದಿನ ವರ್ಷಕ್ಕೆ ಹೋಗಬೇಕು, ಪ್ರತಿ ವರ್ಷ ಇಡುಗಂಟು–ಬಡ್ಡಿ–ಖರ್ಚಿನ ಒಂದು ಪುಟದ ಪಟ್ಟಿ ವಿಭಾಗಕ್ಕೂ ದಾನಿಗಳಿಗೂ ಬರಬೇಕು. ಈ ಮೂರನ್ನು ಪತ್ರದಲ್ಲೇ ಬರೆಸಿ. ಬ್ಯಾಂಕು ಬಡ್ಡಿಯಲ್ಲಿ ಟಿಡಿಎಸ್ (ಮೂಲದಲ್ಲೇ ಕಡಿಯುವ ತೆರಿಗೆ) ಹಿಡಿದಿದೆಯಾ ಅಂತಲೂ ನೋಡಿ. ವಿನಾಯಿತಿಯ ಕಾಗದ ಶಾಖೆಗೆ ತಲುಪದಿದ್ದರೆ ಹಿಡಿದುಬಿಡುತ್ತಾರೆ.

ಮೂರನೆಯದು ಎಲ್ಲರೂ ಮರೆಯುವಂಥದು. ಸರ್ಕಾರ ಅಥವಾ ವಿಶ್ವವಿದ್ಯಾಲಯ ಕೊಡಲೇಬೇಕಾದ ಖರ್ಚನ್ನು ದತ್ತಿ ಹೊತ್ತುಕೊಂಡರೆ ಮುಂದಿನ ಬಜೆಟ್ಟಿನಲ್ಲಿ ಆ ಬಾಬತ್ತಿನ ಹಣ ಕಡಿತವಾಗುತ್ತದೆ, ವಿಭಾಗಕ್ಕೆ ಒಂದು ಪೈಸೆಯೂ ಹೆಚ್ಚಾಗುವುದಿಲ್ಲ. "ಈ ನಿಧಿ ವಿಭಾಗದ ನಿಯಮಿತ ಅನುದಾನಕ್ಕೆ ಪೂರಕವೇ ಹೊರತು ಬದಲಿ ಅಲ್ಲ" ಅನ್ನುವ ಸಾಲು ಇರಲಿ.

ಕ್ರಮ ಹೀಗೆ ಇಟ್ಟುಕೊಳ್ಳಿ: ಮೊದಲು ವಿಭಾಗದ ಅಧ್ಯಕ್ಷರ ಜೊತೆ ಕೂತು ಕರಡು, ಆಮೇಲೆ ಕುಲಸಚಿವರಿಗೆ ಪತ್ರ, ಹಣಕಾಸು ಅಧಿಕಾರಿಗಳ ಅಭಿಪ್ರಾಯ, ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ಒಪ್ಪಿಗೆ. ಒಪ್ಪಿಗೆಯ ಠರಾವಿನ ಪ್ರತಿ ಕೈಗೆ ಬಂದ ಮೇಲೆ ಹಣ. ಹಣ ಮೊದಲು ಕಟ್ಟಿ ಷರತ್ತು ಆಮೇಲೆ ಮಾತಾಡೋಣ ಅಂದರೆ ಷರತ್ತು ಮಾತಾಡುವ ಕಾಲ ಬರುವುದೇ ಇಲ್ಲ.

ಮಾಳಮಡ್ಡಿ_ಬ್ಯುರೆಟ್

ಧನ್ಯವಾದ. ಪದಕದ ಬಣ ಬಂಗಾರದ ಲೆಕ್ಕ ನೋಡಿ ತಣ್ಣಗಾಗಿದೆ. ಹಾಗಾದರೆ ವರ್ಷಕ್ಕೆ 42,000 ಅಂತ ಹಿಡಿದರೆ ಪ್ರಯೋಗಾಲಯಕ್ಕೆ ಅದು ಯಾವ ಮೂಲೆಗೆ? ಸಿಎಸ್‌ಆರ್ ಮತ್ತು ಅಮೆರಿಕದ ಗೆಳೆಯರ ಪ್ರಶ್ನೆಯೂ ಹಾಗೇ ಉಳಿದಿದೆ.

ಉತ್ತರ 4: ಕೆಲಗೇರಿ_ಕೆರೆದಂಡೆ

ಯಂತ್ರ ಕೊಳ್ಳುವ ಹಣ ದೆಹಲಿಯಿಂದ ಬರುತ್ತದೆ. ಯಂತ್ರ ನಡೆಸುವ ಹಣ ಎಲ್ಲಿಂದಲೂ ಬರುವುದಿಲ್ಲ. ನಿಮ್ಮ ದತ್ತಿಗೆ ಜಾಗ ಇರುವುದು ಅಲ್ಲಿ.

ಅಣುವಿನ ರಚನೆ ತಿಳಿಯಲು ಬಳಸುವ ಎನ್‌ಎಂಆರ್ ಯಂತ್ರವನ್ನೇ ನೋಡಿ. ಅದರ ಕಾಂತದ ಸುರುಳಿ ದ್ರವ ಹೀಲಿಯಂನಲ್ಲಿ ಮುಳುಗಿರಬೇಕು, ಹೊರಗಿನ ಕವಚದಲ್ಲಿ ದ್ರವ ನೈಟ್ರೋಜನ್. ಹೀಲಿಯಂ ಕೆಲವು ತಿಂಗಳಿಗೊಮ್ಮೆ, ನೈಟ್ರೋಜನ್ ಹೆಚ್ಚುಕಡಿಮೆ ವಾರಕ್ಕೊಮ್ಮೆ ತುಂಬಿಸಬೇಕು. ಹೀಲಿಯಂ ಮಟ್ಟ ತೀರಾ ಇಳಿದರೆ ಸುರುಳಿ ಬಿಸಿಯಾಗಿ ಕಾಂತಶಕ್ತಿ ಕುಸಿಯುತ್ತದೆ, ಉಳಿದ ಹೀಲಿಯಂ ಒಂದೇ ಏಟಿಗೆ ಆವಿಯಾಗಿ ಹೋಗುತ್ತದೆ. ಮತ್ತೆ ಎಬ್ಬಿಸುವ ಖರ್ಚು ನಿಮ್ಮ ಇಡುಗಂಟನ್ನೇ ನುಂಗಬಲ್ಲದು. ಹಾಗಾಗಿ ಹೀಲಿಯಂ ಹೊಣೆ ನಿಮ್ಮ ದತ್ತಿಯ ಮೇಲೆ ಹಾಕಿಕೊಳ್ಳಬೇಡಿ, ಅದು ವಿಶ್ವವಿದ್ಯಾಲಯದ್ದೇ ಇರಲಿ. ನಿಮ್ಮ ಅಳತೆಗೆ ಹೊಂದುವುದು ಯಂತ್ರ ಬಳಸುವ ವಿದ್ಯಾರ್ಥಿಯ ಮೇಲೆ ಬೀಳುವ ಖರ್ಚು.

ವಿದ್ಯಾರ್ಥಿ ಒಂದು ಸ್ಯಾಂಪಲ್ ಓದಿಸಲು ಸುಮಾರು 0.6 ಮಿ.ಲೀ. ಡ್ಯೂಟರೇಟೆಡ್ ಕ್ಲೋರೋಫಾರ್ಮ್ ಅನ್ನುವ ವಿಶೇಷ ದ್ರಾವಕ ಬೇಕು, ಮೇಲೆ ಯಂತ್ರದ ಶುಲ್ಕ. ಫೆಲೋಶಿಪ್ ಇರುವವರು ಅದರ ಜೊತೆ ಬರುವ ಆಕಸ್ಮಿಕ ಖರ್ಚಿನ ಅನುದಾನದಲ್ಲಿ ನಿಭಾಯಿಸುತ್ತಾರೆ. ಫೆಲೋಶಿಪ್ ಇಲ್ಲದ ಪಿಎಚ್‌.ಡಿ. ವಿದ್ಯಾರ್ಥಿ ಕೈಯಿಂದ ಕೊಡುತ್ತಾನೆ, ಅಥವಾ ಹತ್ತು ಸ್ಯಾಂಪಲ್ ಓದಿಸುವಲ್ಲಿ ನಾಲ್ಕು ಓದಿಸಿ ಪ್ರಬಂಧ ಬರೆಯುತ್ತಾನೆ. ವಿಮರ್ಶಕರು ಉಳಿದ ಆರನ್ನು ಕೇಳಿದಾಗ ಲೇಖನ ವಾಪಸು. ಒಬ್ಬೊಬ್ಬರಿಗೆ 6,000ದಂತೆ ಏಳು ವಿದ್ಯಾರ್ಥಿಗಳಿಗೆ ವಿಶ್ಲೇಷಣಾ ಶುಲ್ಕ ಮತ್ತು ದ್ರಾವಕ ಅಂದರೆ ನಿಮ್ಮ 42,000 ಸರಿಯಾಗಿ ಮುಗಿಯುತ್ತದೆ. ಹಣ ವಿದ್ಯಾರ್ಥಿಯ ಕೈಗಲ್ಲ, ನೇರ ಉಪಕರಣ ಕೇಂದ್ರದ ಬಿಲ್ಲಿಗೆ ಹೋಗಲಿ.

ಪಾಠದ ಕಡೆ ಎರಡು ವರ್ಷಕ್ಕೊಮ್ಮೆ ಎಂ.ಎಸ್ಸಿ. ಪ್ರಾಯೋಗಿಕ ತರಗತಿಗೆ ಬ್ಯುರೆಟ್, ಪಿಎಚ್ ಮೀಟರಿನ ಎಲೆಕ್ಟ್ರೋಡ್. ಎಲೆಕ್ಟ್ರೋಡ್ ಒಣಗಿ ಸತ್ತಿದ್ದರೆ ಮೀಟರು ಅಂಕಿ ತೋರಿಸುತ್ತಲೇ ಇರುತ್ತದೆ, ಇಡೀ ಬ್ಯಾಚು ತಪ್ಪು ಅಂಕಿ ಬರೆದುಕೊಂಡು ಹೋಗುತ್ತದೆ.

ಉತ್ತರ 5: ಬೆಟಗೇರಿ_ಖಾತೆವಹಿ

ಸಿಎಸ್‌ಆರ್: ಇಡುಗಂಟಿಗೆ ಬೇಡ. 2021ರ ಜನವರಿ 22ರ ನಿಯಮ ತಿದ್ದುಪಡಿಯ ನಂತರ ಯಾವುದೇ ಸಂಸ್ಥೆಯ ಇಡುಗಂಟಿಗೆ ಕೊಟ್ಟ ಹಣ ಸಿಎಸ್‌ಆರ್ ಖರ್ಚೆಂದು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯ ಸಂಶೋಧನೆ ನಡೆಸುವ ಸಾರ್ವಜನಿಕ ವಿಶ್ವವಿದ್ಯಾಲಯಗಳ ಹೆಸರಿದೆ. ಅಂದರೆ ನಿಮ್ಮ ಗೆಳೆಯರ ಕಂಪನಿ ಯೋಜನೆಯ ಲೆಕ್ಕದಲ್ಲಿ ಉಪಕರಣ ಅಥವಾ ಅದರ ನಿರ್ವಹಣೆ ಒಪ್ಪಂದಕ್ಕೆ ಕೊಡಲಿ. ಅದಕ್ಕೆ ಬೇರೆ ಒಡಂಬಡಿಕೆ, ಬೇರೆ ಖಾತೆ, ಖರ್ಚಾದ ಮೇಲೆ ಬಳಕೆ ಪ್ರಮಾಣಪತ್ರ. ದತ್ತಿಯ ಜೊತೆ ಬೆರೆಸಿದರೆ ಎರಡೂ ಕೆಡುತ್ತವೆ.

ಅಮೆರಿಕದ ಗೆಳೆಯರು: ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಯ ಸ್ವಂತ ಗಳಿಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಪ್ರಕಾರ ವಿದೇಶಿ ದೇಣಿಗೆ ಅಲ್ಲ. ಪೌರತ್ವ ಬದಲಿಸಿದವರು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಹಿಡಿದಿದ್ದರೂ ವಿದೇಶಿ ಮೂಲವೇ. ಶಾಸನದಿಂದ ಸ್ಥಾಪಿತವಾಗಿ ಸಿಎಜಿ (ಮಹಾಲೇಖಪಾಲರು) ಕಡ್ಡಾಯವಾಗಿ ಲೆಕ್ಕ ತಪಾಸಿಸುವ ಸಂಸ್ಥೆಗಳಿಗೆ 2020ರ ಜನವರಿಯ ಅಧಿಸೂಚನೆಯಲ್ಲಿ ವಿನಾಯಿತಿ ಇದೆ. ಅದು ತಮಗೆ ಅನ್ವಯಿಸುತ್ತದೆ ಅಂತ ಹಣಕಾಸು ಅಧಿಕಾರಿಗಳಿಂದ ಬರವಣಿಗೆಯಲ್ಲಿ ಪಡೆದ ಮೇಲೆಯೇ ಅವರು ಕಳಿಸಲಿ. ನಿಮ್ಮ ಖಾತೆಗೆ ಹಾಕಿಸಿಕೊಂಡು ನೀವು ಕಟ್ಟುವುದು ಬೇಡವೇ ಬೇಡ, ಕೈ ಬದಲಿಸಿದರೂ ಆ ಹಣ ವಿದೇಶಿ ದೇಣಿಗೆಯಾಗಿಯೇ ಉಳಿಯುತ್ತದೆ.

ತೆರಿಗೆ ರಿಯಾಯಿತಿ ಹೊಸ ತೆರಿಗೆ ಪದ್ಧತಿ ಆಯ್ದವರಿಗೆ ಸಿಗದು. ಹಳೆಯದರಲ್ಲಿರುವವರು ಪ್ರತಿಯೊಬ್ಬರೂ ತಮ್ಮ ಖಾತೆಯಿಂದಲೇ ಕಟ್ಟಿ, ತಮ್ಮ ಪ್ಯಾನ್ ಕೊಟ್ಟು, ತಮ್ಮ ಹೆಸರಿನ ಪ್ರಮಾಣಪತ್ರ ಪಡೆಯಲಿ. ಒಬ್ಬರ ಖಾತೆಯಲ್ಲಿ ಕೂಡಿಸಿ ಕಟ್ಟಿದರೆ ರಿಯಾಯಿತಿಯೂ ಆ ಒಬ್ಬರದೇ. 2,000ಕ್ಕಿಂತ ಹೆಚ್ಚು ನಗದು ಲೆಕ್ಕಕ್ಕಿಲ್ಲ. 2025ರ ಆದಾಯ ತೆರಿಗೆ ಕಾಯ್ದೆಯ ಜಾರಿ 2026ರ ಏಪ್ರಿಲ್ 1ರಿಂದ, ಹಾಗಾಗಿ 80ಜಿ ಅನ್ನುವ ಹಳೆಯ ಸಂಖ್ಯೆ ನೆಚ್ಚಬೇಡಿ, ರಸೀದಿಯಲ್ಲಿ ಯಾವ ಕಲಮು ನಮೂದಾಗಿದೆ ನೋಡಿ. ಜೊತೆಗೆ "ಈ ಮೊತ್ತ ಇಡುಗಂಟಿಗೆ" ಅಂತ ಪ್ರತಿ ದಾನಿಯೂ ಪತ್ರ ಕೊಡಲಿ, ಇಲ್ಲದಿದ್ದರೆ ಅದು ಸಾಮಾನ್ಯ ದೇಣಿಗೆಯ ಸಾಲಿಗೆ ಹೋಗುತ್ತದೆ.

ಉದ್ದೇಶದ ಕಲಮಿಗೆ ಒಂದು ಕರಡು, ತಿದ್ದಿಕೊಳ್ಳಿ:

"ವಾರ್ಷಿಕ ಬಡ್ಡಿಯ ಶೇ. 40ನ್ನು ಇಡುಗಂಟಿಗೆ ಸೇರಿಸತಕ್ಕದ್ದು. ಉಳಿದದ್ದನ್ನು ವಿಭಾಗದಲ್ಲಿ ನೋಂದಾಯಿಸಿದ, ಫೆಲೋಶಿಪ್ ಇಲ್ಲದ ಸಂಶೋಧನಾರ್ಥಿಗಳ ವಿಶ್ಲೇಷಣಾ ಶುಲ್ಕ ಮತ್ತು ರಾಸಾಯನಿಕಗಳಿಗೆ. ಅಂಥವರು ಇಲ್ಲದ ವರ್ಷ ಸ್ನಾತಕೋತ್ತರ ಪ್ರಾಯೋಗಿಕ ತರಗತಿಯ ಸಾಮಗ್ರಿಗೆ. ಅದೂ ಬೇಡವಾದಲ್ಲಿ ವಿಭಾಗದ ಸಮಿತಿ ತೀರ್ಮಾನಿಸುವ ಹತ್ತಿರದ ಶೈಕ್ಷಣಿಕ ಉದ್ದೇಶಕ್ಕೆ ಬಳಸತಕ್ಕದ್ದು. ವಿಭಾಗವು ವಿಲೀನಗೊಂಡರೆ ಅಥವಾ ಹೆಸರು ಬದಲಾದರೆ ಅದರ ಉತ್ತರಾಧಿಕಾರಿ ವಿಭಾಗಕ್ಕೆ ಇದೇ ಹಕ್ಕು ಇರತಕ್ಕದ್ದು."

ಲೈನ್‌ಬಜಾರ್_ಪೇಢೆ

ಬಡ್ಡಿ ಪಟ್ಟಿ ಏಪ್ರಿಲ್‌ದಾಗ ವಿಭಾಗಕ್ಕ ಮುಟ್ಟಬೇಕು, ಆಯ್ಕಿ ಜುಲೈದೊಳಗ ಮುಗೀಬೇಕಂತ ತಾರೀಖು ಹಾಕಸ್ರಿ. ಇಲ್ಲಾಂದ್ರ ಮಾರ್ಚ್ ಕಡೀ ವಾರದಾಗ ಕೊಟೇಶನ್ ತರಿಸಿ, ಸಿಕ್ಕಿದ್ದ ಬಾಟ್ಲಿ ಕೊಂಡು ಬಿಲ್ ಹಚ್ತಾರ.