ಬಗ್ಗಿ ಎದ್ದರೆ ಸೊಂಟ ಹಿಡಿಯುತ್ತದೆ, ನೀವೇನು ಮಾಡಿದಿರಿ?

ಶಿರಸಿ ಸೊಸೆ: ನನಗೆ 36 ವರ್ಷ. ಎರಡು ತಿಂಗಳಿಂದ ಸೊಂಟ ನೋವು. 20 ಲೀಟರ್ ನೀರಿನ ಕ್ಯಾನ್ ಎತ್ತುವುದು, ನೆಲ ಒರೆಸುವುದು, ಒಂದೂವರೆ ವರ್ಷದ ಮಗನನ್ನು ಎತ್ತಿಕೊಳ್ಳುವುದು ಎಲ್ಲ ನಾನೇ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಸೊಂಟಕ್ಕೆ ಬೆಲ್ಟ್ ಹಾಕಲಾ? ಅಡುಗೆ ಕಟ್ಟೆ ಎತ್ತರಿಸಲಾ? ಅನುಭವ ಇದ್ದವರು ಹೇಳಿ.

ಎಲ್‌ಫೋರ್ ಎಲ್‌ಫೈವ್: 2019ರಲ್ಲಿ ತುಂಬಿದ ಸಿಲಿಂಡರ್ ಎತ್ತಿದೆ. ಗ್ಯಾಸ್ 14.2 ಕೆಜಿ, ಕಬ್ಬಿಣ ಸೇರಿ ಹತ್ತಿರ ಹತ್ತಿರ 30. ಮೊಣಕಾಲು ಮಡಚಲಿಲ್ಲ, ಎತ್ತಿದವನು ಹಾಗೇ ಬಲಕ್ಕೆ ತಿರುಗಿದೆ. ಚಳ್ ಅಂತ ಪಾದದವರೆಗೂ ಹೊಡೆಯಿತು. ಎಂಆರ್‌ಐ 6,500. ಬೆಲ್ಟ್ 750. ಫಿಸಿಯೋ 12 ಸಲ, ಸಲಕ್ಕೆ 400, ಆಟೋಗೆ ಹೋಗಿ ಬರಲು 160. ಮೂರು ವಾರದ ಸಂಬಳ ಹೋಯಿತು. ನನಗೆ ಕೂತು ಏಳಲು ಆಗದ್ದಕ್ಕೆ, ನನ್ನ ತಮ್ಮ ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು ಬಚ್ಚಲಿಗೆ ಇಟ್ಟುಕೊಟ್ಟ. ನಾಲ್ಕು ತಿಂಗಳು ಬೆಲ್ಟ್ ಬಿಚ್ಚಲೇ ಇಲ್ಲ. ಬಿಚ್ಚಿದ ದಿನ ಬೆನ್ನಿಗೆ ಬಲವೇ ಇರಲಿಲ್ಲ. ಬೆಲ್ಟ್ ಬೇಡ.

ಸ್ಟೇರಿಂಗ್ 22 ವರ್ಷ: ಬೆಲ್ಟ್ ಬೇಡ ಅಂತ ಸುಮ್ನೆ ಹೇಳಬೇಡಿ ಸರ್. ನಾನು ಬಸ್ ಚಾಲಕ. ದಿನಕ್ಕೆ ಎಂಟು ಗಂಟೆ ಸೀಟಲ್ಲಿ. ಘಾಟಿ ರಸ್ತೆಯಲ್ಲಿ ಬೆಲ್ಟ್ ಇಲ್ಲದಿದ್ದರೆ ನಾನು ಎಂದೋ ಕೆಲಸ ಬಿಡಬೇಕಿತ್ತು. ಟವೆಲ್ ಸುರುಳಿ ಸುತ್ತಿ ಸೊಂಟದ ಹಿಂದೆ ಇಡುತ್ತೇನೆ. ಪರ್ಸ್ ಹಿಂದಿನ ಜೇಬಲ್ಲಿ ಇಡುವುದೇ ಇಲ್ಲ, ಒಂದು ಕಡೆ ಎತ್ತರ ಆಗಿ ಸೊಂಟ ವಾಲುತ್ತದೆ.

ಎಲ್‌ಫೋರ್ ಎಲ್‌ಫೈವ್: ಡ್ಯೂಟಿ ಹೊತ್ತಲ್ಲಿ ಮಾತ್ರ ಹಾಕಿದರೆ ಬೇರೆ ಮಾತು. ನಾನು ಮಲಗುವಾಗಲೂ ಹಾಕಿದ್ದೆ. ಪೂರ್ತಿ ಓದಿ ಮಾತಾಡಿ.

ಕಟ್ಟೆ ಒಡೆಸಿದವಳು: ಅಕ್ಕ, ಕಟ್ಟೆಗೆ ಕೈ ಹಾಕುವ ಮೊದಲು ನನ್ನ ಕತೆ ಕೇಳಿ. 30 ಇಂಚು ಇದ್ದದ್ದನ್ನು 35 ಮಾಡಿಸಿದೆ. ಹಳೇ ಗ್ರಾನೈಟ್ ತೆಗೆಯುವಾಗ ಎರಡು ಹೋಳಾಯಿತು. ಹೊಸ ಕಲ್ಲು, ಮೇಸ್ತ್ರಿ, ನಲ್ಲಿ ಪೈಪು ಸೇರಿ 41,000. ನನ್ನ ಬೆನ್ನು ನೆಟ್ಟಗಾಯಿತು, ಅದು ನಿಜ. ಆದರೆ ಅತ್ತೆ ಕುಳ್ಳಗೆ. ಹುಳಿ ಕುದಿಯುವುದು ಕಾಣದೆ ಈಗ ಮಣೆ ಹತ್ತಿ ನಿಲ್ಲುತ್ತಾರೆ. ಒಮ್ಮೆ ಜಾರಿದರು. ಆ ಹೆದರಿಕೆ ಇನ್ನೂ ಹೋಗಿಲ್ಲ. ಮೊಣಕೈಗಿಂತ ನಾಲ್ಕೈದು ಇಂಚು ಕೆಳಗೆ ಕಟ್ಟೆ ಬಂದರೆ ಸರಿ, ಆದರೆ ಯಾರ ಮೊಣಕೈ ಅಂತ ಮೊದಲೇ ಕೂತು ಮಾತಾಡಿ. ಖರ್ಚಿಲ್ಲದ್ದು ಒಂದಿದೆ: ಪಾತ್ರೆ ತೊಳೆಯುವಾಗ ಮಣೆ ಮೇಲೆ ಒಂದು ಕಾಲಿಟ್ಟು, ಆಗಾಗ ಕಾಲು ಬದಲಿಸಿ.

ಮೆಟ್ಟುಗತ್ತಿ: ಕಟ್ಟೆ ಮುಂದೆ ಒಂದು ಗಂಟೆ ನಿಂತದ್ದಕ್ಕೇ ಇಷ್ಟಾ? ನಾವು ಸುಗ್ಗಿಯಲ್ಲಿ ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುತ್ತೇವೆ. ನೆಲಕ್ಕೆ ಕೂತು ಮುಂದೆ ಬಾಗಿ ಬಾಗಿ ನನ್ನ ಎಡಗಾಲು ಜೋಮು ಹಿಡಿಯಿತು. ಹೋದ ವರ್ಷ ಕತ್ತಿಯನ್ನು ಬೆಂಚಿಗೆ ಹೊಂದಿಸಿ ಎತ್ತರದಲ್ಲಿ ಕೂರಲು ಶುರು ಮಾಡಿದೆ. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದ ತುದಿವರೆಗೆ ನಡೆಯುತ್ತೇನೆ. ಜೋಮು ಹೋಯಿತು.

ಕಟ್ಟೆ ಒಡೆಸಿದವಳು: ಒಂದು ಗಂಟೆ ಅಂತ ನಿಮಗೆ ಯಾರು ಹೇಳಿದರು? ಏಳು ಜನರ ಮನೆ ನಮ್ಮದು.

ತೋಟದವ: ಯಂತ್ರ ತನ್ನಿ, ಮುಗಿಯಿತು.

ಮೆಟ್ಟುಗತ್ತಿ: ತಂದಿದ್ದೆವು. ಅಡಿಕೆಗೆ ಗಾಯ ಆಗುತ್ತದೆ. ವ್ಯಾಪಾರಿ ರೇಟು ಇಳಿಸಿದ.

ತೋಟದವ: ಬ್ಲೇಡ್ ಹೊಂದಿಸಲು ಬಾರದಿದ್ದರೆ ಯಂತ್ರ ಏನು ಮಾಡುತ್ತದೆ? ನಾವು ಮೂರು ಸುಗ್ಗಿ ಸುಲಿದಿದ್ದೇವೆ, ಒಂದು ಮಾತು ಬಂದಿಲ್ಲ.

ಶಿರಸಿ ಸೊಸೆ: ಮಗನನ್ನು ಎತ್ತುವುದು ಹೇಗೆ ಅಂತ ಯಾರೂ ಹೇಳಲಿಲ್ಲ.

ಎಲ್‌ಫೋರ್ ಎಲ್‌ಫೈವ್: ತಪ್ಪಾಯಿತು ಮೇಡಂ. ಒಂದು ಮೊಣಕಾಲು ನೆಲಕ್ಕೂರಿ, ಮಗುವನ್ನು ಎದೆಗೆ ಒತ್ತಿಕೊಂಡು, ಆಮೇಲೆ ಕಾಲ ಬಲದಿಂದ ಏಳಿ. ತಿರುಗಬೇಕಾದರೆ ಪಾದ ಎತ್ತಿಟ್ಟು ಇಡೀ ಮೈ ತಿರುಗಿಸಿ. 20 ಲೀಟರ್ ಕ್ಯಾನ್ ಅಂದರೆ 20 ಕೆಜಿ, ಅದನ್ನು ಎತ್ತಲೇಬೇಡಿ. ಕೊಡದಲ್ಲಿ ಅರ್ಧರ್ಧ ಬಗ್ಗಿಸಿಕೊಳ್ಳಿ. ಎರಡೂ ಕಾಲು ಸೋತರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಸ್ಟೇರಿಂಗ್ 22 ವರ್ಷ: ಇದು ಸರಿ. ಬೆಲ್ಟ್ ವಿಷಯ ಮಾತ್ರ ನಾನು ಒಪ್ಪಲ್ಲ.